ಗಿಲಕಿ ಬೇಕು, ಆದರೆ ನೋಡುವುದು ನನ್ನನ್ನು!

ಪ್ರಶ್ನೆ: ನಮ್ಮ ಮಗಳಿಗೆ ಒಂಬತ್ತು ತಿಂಗಳು. ಗಿಲಕಿ ಕೈಗೆ ಸಿಗದಷ್ಟು ದೂರ ಉರುಳಿದರೆ ಒಮ್ಮೆ ಅದನ್ನು, ಒಮ್ಮೆ ನನ್ನ ಮುಖವನ್ನು ನೋಡಿ ‘ಆ, ಆ’ ಅನ್ನುತ್ತಾಳೆ. ‘ಅದು ಸುಮ್ನೆ ಅಭ್ಯಾಸ, ಅಷ್ಟು ಚಿಕ್ಕ ಮಗುವಿಗೆ ಏನು ತಿಳಿಯುತ್ತೆ’ ಅಂತಾರೆ ಅತ್ತೆ. ಮನುಷ್ಯರು ಬೇರೆ, ವಸ್ತು ಬೇರೆ ಅಂತ ಅವಳಿಗೆ ಗೊತ್ತಾಗುತ್ತಾ?
– ಹೆಸರು ಬೇಡ

ಉತ್ತರ: ಖಂಡಿತ ಗೊತ್ತಾಗುತ್ತದೆ. ಎಳೆಮಕ್ಕಳ ಬೆಳವಣಿಗೆ ಗಮನಿಸುವುದೇ ನನ್ನ ಕೆಲಸ. ನಿಮ್ಮ ಪತ್ರದಲ್ಲಿ ನನಗೆ ತುಂಬ ಇಷ್ಟವಾದದ್ದು ಆ ‘ಒಮ್ಮೆ ಅದನ್ನು, ಒಮ್ಮೆ ನನ್ನನ್ನು’ ನೋಡುವ ನೋಟ. ಗಿಲಕಿ ತಾನಾಗಿ ಬರುವುದಿಲ್ಲ, ಅಮ್ಮ ತಂದುಕೊಡುತ್ತಾಳೆ ಎಂಬ ಲೆಕ್ಕ ಅದರಲ್ಲಿದೆ.

ಮನೋವಿಜ್ಞಾನಿ ಅಮಾಂಡ ವುಡ್‌ವರ್ಡ್ ಅವರು 1998ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಹೇಳುತ್ತೇನೆ. ಮಗುವಿನ ಎದುರು ಎರಡು ಆಟಿಕೆ. ಒಂದು ಕೈ ಬಂದು ಅದರಲ್ಲಿ ಒಂದನ್ನೇ ಹಿಡಿಯುತ್ತದೆ, ಮತ್ತೆ ಮತ್ತೆ, ಮಗುವಿಗೆ ನೋಡಿ ಬೇಸರವಾಗುವಷ್ಟು. ಆಮೇಲೆ ಆಟಿಕೆಗಳ ಜಾಗ ಅದಲುಬದಲು. ಈಗ ಕೈ ಹಳೆಯ ಜಾಗಕ್ಕೇ ಹೋಗಿ ಇನ್ನೊಂದು ಆಟಿಕೆ ಹಿಡಿದರೆ ಮಕ್ಕಳು ಇದೇನೋ ಹೊಸದು ಎಂಬಂತೆ ಜಾಸ್ತಿ ಹೊತ್ತು ನೋಡಿದರು. ಹೊಸ ಜಾಗಕ್ಕೆ ಹೋಗಿ ಮೊದಲಿನ ಆಟಿಕೆಯನ್ನೇ ಹಿಡಿದರೆ ಅಷ್ಟು ನೋಡಲಿಲ್ಲ. ಅಂದರೆ ಕೈ ಎಲ್ಲಿಗೆ ಹೋಯಿತು ಅನ್ನುವುದಕ್ಕಿಂತ ಅದಕ್ಕೆ ಯಾವುದು ಬೇಕಿತ್ತು ಅನ್ನುವುದೇ ಅವರಿಗೆ ಮುಖ್ಯ. ಕೈಯ ಬದಲು ಕೋಲು ಬಂದಾಗ ಈ ವ್ಯತ್ಯಾಸ ಕಾಣಲಿಲ್ಲ. ಇವರೆಲ್ಲ ಒಂಬತ್ತು ತಿಂಗಳು, ಅದಕ್ಕಿಂತ ಚಿಕ್ಕ ಮಕ್ಕಳು!

ಒಂದೂವರೆ ವರ್ಷಕ್ಕೆ ಇದು ಇನ್ನೂ ಸ್ಪಷ್ಟ. 1995ರಲ್ಲಿ ಇನ್ನೊಬ್ಬ ಮನೋವಿಜ್ಞಾನಿ ಆಂಡ್ರ್ಯೂ ಮೆಲ್ಟ್‌ಝಾಫ್ ಅವರ ಪ್ರಯೋಗದಲ್ಲಿ ದೊಡ್ಡವರು ಆಟಿಕೆಯೊಂದನ್ನು ಎಳೆದು ಎರಡು ಭಾಗವಾಗಿ ಬಿಡಿಸಲು ಹೋಗಿ ಕೈ ಜಾರಿಸಿಕೊಂಡರು. ಅದು ಬಿಡಿಸಿಕೊಂಡದ್ದನ್ನು ಮಕ್ಕಳು ನೋಡಿರಲೇ ಇಲ್ಲ. ಆದರೂ ತಮ್ಮ ಕೈಗೆ ಸಿಕ್ಕಾಗ ಹೆಚ್ಚಿನವರು ಬಿಡಿಸಿಯೇ ಬಿಟ್ಟರು. ಅದೇ ಚಲನೆಯನ್ನು ಯಂತ್ರ ಮಾಡಿ ತೋರಿಸಿದಾಗ ಹಾಗೆ ಮಾಡಿದವರು ಬಹಳ ಕಡಿಮೆ.

ಹಾಗಂತ ನಿಮ್ಮ ಮಗಳು ನಿಮ್ಮ ಮನಸ್ಸನ್ನೇ ಓದುತ್ತಾಳೆ ಅಂದುಕೊಳ್ಳಬೇಡಿ. ಅದಕ್ಕೆ ಇನ್ನೂ ವರ್ಷಗಳು ಬೇಕು. ಆದರೆ ನಿಮ್ಮಿಂದ ಉತ್ತರ ಬರುತ್ತದೆ ಅಂತ ಅವಳು ಕಾಯುತ್ತಾಳೆ. ಗಿಲಕಿ ಸುಮ್ಮನಿದ್ದರೆ ಅವಳಿಗೆ ಅದು ಸಹಜ. ಆಡಿಸುತ್ತಿದ್ದ ಅಮ್ಮನ ಮುಖ ಇದ್ದಕ್ಕಿದ್ದಂತೆ ಕಲ್ಲಾದರೆ? ಕೆಲವೇ ತಿಂಗಳ ಕೂಸುಗಳೂ ಮೊದಲು ನಕ್ಕು ಕರೆಯುತ್ತವೆ, ಆಮೇಲೆ ಮುಖ ತಿರುಗಿಸಿಕೊಳ್ಳುತ್ತವೆ. ಎಡ್ವರ್ಡ್ ಟ್ರೋನಿಕ್ ಮತ್ತು ಸಂಗಡಿಗರು 1978ರಲ್ಲೇ ಇದನ್ನು ತೋರಿಸಿದ್ದಾರೆ.

ಆದ್ದರಿಂದ ಗಿಲಕಿಯನ್ನು ಮಾತಿಲ್ಲದೆ ಕೈಗೆ ತುರುಕಬೇಡಿ. ಮೊದಲು ಅವಳ ಕಣ್ಣು ನೋಡಿ, ‘ಗಿಲಕಿ ಬೇಕಾ ಪುಟ್ಟಿ?’ ಅಂತ ಕೇಳಿ, ಆಮೇಲೆ ಕೊಡಿ. ಅತ್ತೆಯವರನ್ನೂ ಒಮ್ಮೆ ಅವಳ ಎದುರು ಕೂರಿಸಿ. ಆ ನೋಟ ಅವರ ಕಡೆಗೂ ತಿರುಗಲಿ.