ಶಾಲು, ಹಾರ ಆಮೇಲೆ. ಮೊದಲು ಆ ಮೂರು ವರ್ಷ ಬರೆಯಿರಿ

ಆತ್ಮೀಯರೇ, ನಮಸ್ಕಾರ.

ಡೊಂಬಿವಲಿಯಿಂದ ನೀವು ಕಳಿಸಿದ 'ಕಾರ್ಮಿಕರ ಕಣ್ಮಣಿ' ಲೇಖನವನ್ನು ಎರಡು ಸಲ ಓದಿದೆ. ಮುಂಬಯಿಯ ಪರೇಲ್ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು, ಜೀವನವನ್ನೆಲ್ಲ ರೈಲ್ವೆ ಯೂನಿಯನ್‌ಗೆ ಕೊಟ್ಟ ನಿಮ್ಮ ಸೋದರಮಾವನ ಬಗ್ಗೆ ಬರೆದಿದ್ದೀರಿ. ಮೇ ತಿಂಗಳಲ್ಲಿ ಮಾಟುಂಗದಲ್ಲಿ ಅವರಿಗೆ ಸನ್ಮಾನ ಇದೆ, ಅಷ್ಟರೊಳಗೆ ನಮ್ಮ ಪತ್ರಿಕೆಯಲ್ಲಿ ಬಂದರೆ ಅವರಿಗೆ ಖುಷಿಯಾಗುತ್ತದೆ ಅಂತಲೂ ಬರೆದಿದ್ದೀರಿ. ಲೇಖನ ಈಗಿರುವ ಹಾಗೆ ಹಾಕಲು ನನಗೆ ಮನಸ್ಸಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾಲ್ಕು ಪುಟದಲ್ಲಿ 'ನಿಸ್ವಾರ್ಥ' ಅನ್ನುವ ಮಾತು ಏಳು ಸಲ ಬಂದಿದೆ. 'ಅವಿರತ' ಐದು ಸಲ. ಎಲ್ಲವೂ ನಿಜವೇ ಇರಬಹುದು. ಆದರೆ ಅವರ ಹೆಸರು ತೆಗೆದು ಬೇರೆ ಯಾರ ಹೆಸರು ಹಾಕಿದರೂ ಲೇಖನ ಹಾಗೇ ನಿಲ್ಲುತ್ತದೆ. ನಾಲ್ಕು ಪುಟ ಓದಿ ಮುಗಿಸಿದ ಮೇಲೂ ನಿಮ್ಮ ಮಾವ ಬೆಳಗ್ಗೆ ಎದ್ದು ಏನು ಮಾಡುತ್ತಿದ್ದರು ಅಂತ ನನಗೆ ಗೊತ್ತಾಗಲಿಲ್ಲ.

ಯೂನಿಯನ್ ಕೆಲಸ ಅಂದರೆ ಏನು ಅಂತ ನಾನು ಕಲಿತದ್ದು ನನ್ನ ಅಪ್ಪನಿಂದ. ಅಪ್ಪ ಮುಂಬಯಿಯ ಕೋಟೆ (ಫೋರ್ಟ್) ಭಾಗದ ಒಂದು ಹೋಟೆಲಿನಲ್ಲಿ 19 ವರ್ಷ ಅಡುಗೆಮನೆಯಲ್ಲಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಮಾಲೀಕರು ಲೆಕ್ಕ ಮುಗಿಸಿ ಕಳಿಸಿದರು. ಗ್ರಾಚ್ಯುಟಿ, ಅಂದರೆ ಅಷ್ಟು ವರ್ಷದ ಸೇವೆಗೆ ಸಿಗಬೇಕಾದ ಇಡಿಗಂಟು ಕೇಳಿದರೆ, 'ನೀನು ಸೇರಿ ನಾಲ್ಕೇ ವರ್ಷ ಆಯ್ತಲ್ಲ' ಅಂದರು. ಆಗ ಸಾಮಾನ್ಯವಾಗಿ ಐದು ವರ್ಷ ತುಂಬದಿದ್ದರೆ ಗ್ರಾಚ್ಯುಟಿ ಇರಲಿಲ್ಲ. ಅಷ್ಟಕ್ಕೇ ಹಾಜರಿ ಬರೆಯುವ ಮಸ್ಟರ್ ಪುಸ್ತಕ ಬದಲಾಗಿತ್ತು. ಆಗ ಒಬ್ಬ ಯೂನಿಯನ್ ಮನುಷ್ಯ ನಮ್ಮ ಚಾಳಿನ ಮನೆಗೆ ಬಂದರು. ಸುಮ್ನೆ ಕೂತು ಚಹಾ ಕುಡಿದರು. ಆಮೇಲೆ ಮನೆಯಲ್ಲಿ ಇರುವ ಕಾಗದವನ್ನೆಲ್ಲ ತರಲು ಹೇಳಿದರು. ಅಮ್ಮ ಟ್ರಂಕು ತಂದು ಅವರ ಮುಂದೆ ಸುರಿದಳು. ಅದರಲ್ಲಿ ಹಳೆಯ ಪಿಎಫ್ ಚೀಟಿ ಸಿಕ್ಕಿತು. ಅದರ ಮೇಲಿದ್ದ ಇಸವಿ ಸಾಕಾಯಿತು. ಹೋಟೆಲ್ ಬಿಲ್ಲಿನ ಹಿಂಬದಿಯಲ್ಲೇ ಲೆಕ್ಕ ಹಾಕಿದರು. ಕೊನೆಯ ತಿಂಗಳ ಸಂಬಳ 780. ಅದನ್ನು ತಿಂಗಳ ಕೆಲಸದ ದಿನ 26ರಿಂದ ಭಾಗಿಸಿ, 15 ದಿನದ ಸಂಬಳಕ್ಕೆ 15ರಿಂದ ಗುಣಿಸಿದರೆ ವರ್ಷಕ್ಕೆ 450. ಹತ್ತೊಂಬತ್ತು ವರ್ಷಕ್ಕೆ 8,550 ರೂಪಾಯಿ. 1972ರ ಗ್ರಾಚ್ಯುಟಿ ಕಾನೂನು ಹೇಳುತ್ತಿದ್ದುದು ಇಷ್ಟೇ. ಅದನ್ನು ಅಪ್ಪನ ಕೈಗೆ ತಲುಪಿಸಲು ಆ ಮನುಷ್ಯ ಹದಿನಾಲ್ಕು ತಿಂಗಳು ಲೇಬರ್ ಆಫೀಸಿಗೆ ಅಲೆದರು. ವಿಚಾರಣೆಯ ಪ್ರತಿ ತಾರೀಖಿಗೂ ತಮ್ಮ ಒಂದು ದಿನದ ಸಂಬಳ ಬಿಟ್ಟು ಬರುತ್ತಿದ್ದರು. ಆ ಬಿಲ್ಲು ಈಗಲೂ ನನ್ನ ಹತ್ತಿರ ಇದೆ.

ನಿಮ್ಮ ಮಾವನಿಗೂ ಇಂಥ ಬಿಲ್ಲುಗಳು ಇರಲೇಬೇಕು. ಚಾರ್ಜ್‌ಶೀಟ್ ಬಂದವನಿಗೆ ರಾತ್ರಿ ಕೂತು ಉತ್ತರ ಬರೆದುಕೊಟ್ಟದ್ದು, ವಿಚಾರಣೆಯಲ್ಲಿ ಅವನ ಪಕ್ಕ ಕೂತದ್ದು, ಡ್ಯೂಟಿಯಲ್ಲಿ ಸತ್ತವನ ಹೆಂಡತಿಗೆ ಕೆಲಸ ಕೊಡಿಸಲು ಆಫೀಸಿನಿಂದ ಆಫೀಸಿಗೆ ಓಡಾಡಿದ್ದು. ಒಂದೇ ಒಂದು ಕೇಸು ಪೂರ್ತಿ ಬರೆಯಿರಿ. ಯಾರದ್ದು, ಎಷ್ಟು ದಿನ ಹಿಡಿಯಿತು, ಕೊನೆಗೆ ಎಷ್ಟು ಸಿಕ್ಕಿತು.

ಲೇಖನವನ್ನು ಕಾರ್ಮಿಕ ದಿನಕ್ಕೆ ಕಾರಣವಾದ ಶಿಕಾಗೋ ಹೋರಾಟದಿಂದ ಶುರು ಮಾಡಿದ್ದೀರಿ. ಮೇ ಸಂಚಿಕೆ ಅಂದರೆ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ನಮ್ಮ ಮುಂಬಯಿಯಲ್ಲೇ ಕತೆ ಇದೆ ಅಲ್ವಾ. ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಗಿರಣಿ ಕಾರ್ಮಿಕರನ್ನು ಸೇರಿಸಿ, ಸಹಿ ಹಾಕಿಸಿ, ವಾರಕ್ಕೊಂದು ರಜೆ ಕೇಳಿದರು. ಭಾನುವಾರದ ರಜೆ ಸಿಕ್ಕಿದ್ದು 1890ರ ಜೂನ್ 10ಕ್ಕೆ. ಒಂದು ಭಾನುವಾರಕ್ಕೆ ಆರು ವರ್ಷ. ನಿಮ್ಮ ಮಾವ ಬದುಕಿದ್ದೂ ಇಂಥದ್ದೇ ಕಾಯುವಿಕೆಯಲ್ಲಿ. ಬೇಕಿದ್ದರೆ ಇದನ್ನು ಹಾಕಿ, ಶಿಕಾಗೋ ಬಿಡಿ.

1974ರ ರೈಲ್ವೆ ಮುಷ್ಕರದ ನಾಯಕ ಜಾರ್ಜ್ ಫರ್ನಾಂಡಿಸ್‌ಗೆ ಒಂದೂವರೆ ಪುಟ ಕೊಟ್ಟಿದ್ದೀರಿ. ಅದು ಜಾಸ್ತಿಯಾಯಿತು. ಮಂಗಳೂರಿನ ಹುಡುಗ ಚೌಪಾಟಿಯ ಬೆಂಚಿನ ಮೇಲೆ ಮಲಗಿದ್ದು, ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ ಕೈಕೆಳಗೆ ಪಳಗಿದ್ದು, 1967ರ ಚುನಾವಣೆಯಲ್ಲಿ ಕಾಂಗ್ರೆಸ್ ನಾಯಕ ಎಸ್.ಕೆ. ಪಾಟೀಲರನ್ನು ಸೋಲಿಸಿದ್ದು, ಇದೆಲ್ಲ ಮುಂಬಯಿ ಕನ್ನಡಿಗರಿಗೆ ಬಾಯಿಪಾಠ. ನಿಮ್ಮ ಮಾವನ ಜೊತೆ ಜಾರ್ಜ್ ನಿಂತ ಫೋಟೊ ಇದೆ ಅನ್ನುವುದಕ್ಕಿಂತ, ಆವತ್ತು ಗೇಟ್ ಮೀಟಿಂಗ್‌ನಲ್ಲಿ ಮಾವ ಎಲ್ಲಿ ನಿಂತಿದ್ದರು, ಭಾಷಣ ಮುಗಿದ ಮೇಲೆ ಏನು ಕೆಲಸ ವಹಿಸಿಕೊಂಡರು ಅನ್ನುವುದು ನನಗೆ ಬೇಕು.

ಈಗ ಮುಖ್ಯ ವಿಷಯ. 1974ರ ರೈಲ್ವೆ ಮುಷ್ಕರವನ್ನು 'ಐತಿಹಾಸಿಕ ಗೆಲುವು' ಅಂತ ಬರೆದಿದ್ದೀರಿ. ಅದು ತಪ್ಪು. ಮೇ 8ಕ್ಕೆ ಶುರುವಾದ ಮುಷ್ಕರವನ್ನು ಮೇ 27ಕ್ಕೆ ಯಾವ ಬೇಡಿಕೆಯೂ ಈಡೇರದೆ ಹಿಂದಕ್ಕೆ ಪಡೆದರು. ಸುಮಾರು 17 ಲಕ್ಷ ಜನ ಸೇರಿದ್ದ ಮುಷ್ಕರ ಅದು. ಸಾವಿರಾರು ಜನ ಜೈಲಿಗೆ ಹೋದರು, ಸಾವಿರಾರು ಜನರ ಕೆಲಸ ಹೋಯಿತು. ಎಷ್ಟೋ ಕಡೆ ಸಂಸಾರಗಳನ್ನು ರೈಲ್ವೆ ಕ್ವಾರ್ಟರ್ಸ್‌ನಿಂದ ಪಾತ್ರೆ ಪಗಡೆ ಸಮೇತ ಹೊರಗೆ ಹಾಕಿದರು. ಇದನ್ನು ಗೆಲುವು ಅಂದರೆ ಆವತ್ತು ಕಳೆದುಕೊಂಡವರಿಗೆ ನಾವು ಅನ್ಯಾಯ ಮಾಡಿದ ಹಾಗೆ. ಆಗ ಕೇಳಿದ್ದರಲ್ಲಿ ಬೋನಸ್ಸೂ ಒಂದು. ರೈಲ್ವೆಯವರಿಗೆ ಅದು ಸಿಕ್ಕಿದ್ದು 1979ರಲ್ಲಿ. ಸೋತು ಐದು ವರ್ಷ ಆದ ಮೇಲೆ. ಈ ಎರಡನ್ನೂ ಒಟ್ಟಿಗೆ ಇಟ್ಟು ಬರೆದರೆ ಓದುವವರಿಗೆ ಆ ಮುಷ್ಕರ ಅರ್ಥವಾಗುತ್ತದೆ.

ಅದರ ಮುಂದಿನ ಸಾಲು ನೋಡಿ. 'ಇದರಿಂದಾಗಿ ಅವರು ಸ್ವಲ್ಪ ಕಾಲ ಕೆಲಸದಿಂದ ಹೊರಗಿದ್ದರು.' ಸ್ವಲ್ಪ ಕಾಲ ಅಂದರೆ ಎಷ್ಟು? ನೀವೇ ಕೊನೆಯ ಪುಟದಲ್ಲಿ 1977ರಲ್ಲಿ ಮತ್ತೆ ಕೆಲಸಕ್ಕೆ ಸೇರಿದರು ಅಂತ ಬರೆದಿದ್ದೀರಿ. ಜನತಾ ಸರ್ಕಾರ ಬಂದು, ಮಧು ದಂಡವತೆ ರೈಲ್ವೆ ಮಂತ್ರಿಯಾದ ಮೇಲೆ ವಜಾ ಆದವರನ್ನು ವಾಪಸ್ ತೆಗೆದುಕೊಂಡರು. ಹಾಗಾದರೆ ಮಾವ ಮೂರು ವರ್ಷ ಹೊರಗಿದ್ದರು. ಅದರಲ್ಲಿ ಹೆಚ್ಚಿನ ಭಾಗ ತುರ್ತುಪರಿಸ್ಥಿತಿ. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು. ಈ ಮೂರು ವರ್ಷಕ್ಕೆ ನೀವು ಒಂದು ಸಾಲು ಕೊಟ್ಟಿದ್ದೀರಿ, ಸಮಾರಂಭದ ಆಮಂತ್ರಣಕ್ಕೆ ಅರ್ಧ ಪುಟ.

ಆ ಮೂರು ವರ್ಷ ಮನೆ ನಡೆಸಿದ್ದು ಯಾರು? ನಿಮ್ಮ ಅತ್ತೆ ಅಲ್ವಾ? ಲೇಖನದಲ್ಲಿ ಅವರು 'ಧರ್ಮಪತ್ನಿಯ ಸಹಕಾರ' ಅನ್ನುವ ಎರಡು ಪದದಲ್ಲಿ ಮುಗಿದುಹೋಗಿದ್ದಾರೆ. ಅವರ ಹತ್ತಿರ ಹೋಗಿ ಕೂತುಕೊಳ್ಳಿ. ಮಾವ ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ಹೋದರೆ ಒಳ್ಳೆಯದು. ರೇಷನ್ ಹೇಗೆ ತಂದರು, ಯಾರ ಹತ್ತಿರ ಸಾಲ ಮಾಡಿದರು, ಬಳೆ ಅಡವಿಟ್ಟರೋ, ಊರಿಂದ ಅಕ್ಕಿ ಬಂತೋ, ಮಕ್ಕಳ ಫೀಸು ಯಾರು ಕಟ್ಟಿದರು, ಇದೆಲ್ಲ ಕೇಳಿ. ಗಂಡನ ಮೇಲೆ ಅವರಿಗೆ ಸಿಟ್ಟು ಬಂದಿತ್ತೋ ಅಂತಲೂ ಕೇಳಿ. ಬಂದಿತ್ತು ಅಂದರೆ ಅದನ್ನೂ ಬರೆಯಿರಿ. ಮಾವನ ಮರ್ಯಾದೆ ಇದರಿಂದ ಕಡಿಮೆ ಆಗುವುದಿಲ್ಲ. ಸನ್ಮಾನದ ದಿನ ವೇದಿಕೆ ಮೇಲೆ ಅತ್ತೆಗೂ ಕುರ್ಚಿ ಇದೆಯಾ ಅಂತ ಸಂಘದವರನ್ನು ವಿಚಾರಿಸಿ. ಇದು ಲೇಖನಕ್ಕೆ ಸಂಬಂಧವಿಲ್ಲದ ಮಾತು, ಆದರೂ ಹೇಳಬೇಕು ಅನ್ನಿಸಿತು.

ಇನ್ನೊಂದು ವಿಷಯ ಬರೆಯಲು ಸ್ವಲ್ಪ ಹಿಂಜರಿಕೆ ಆಗುತ್ತಿದೆ. ಲೇಖನದ ಜೊತೆಗಿಟ್ಟ ಪತ್ರದಲ್ಲಿ ನೀವು, 'ಇದು ಪ್ರಕಟಣೆಗೆ ಅಲ್ಲ' ಅಂತ ಹೇಳಿ ನಾಲ್ಕು ಸಾಲು ಬರೆದಿದ್ದೀರಿ. ಮಾವನ ಮಾತು ಕೇಳಿ ಒಬ್ಬ ಖಲಾಸಿ (ಸಹಾಯಕ ಕೆಲಸಗಾರ) ಹುಡುಗ ಮುಷ್ಕರಕ್ಕೆ ಇಳಿದ. ಕೆಲಸ ಕಾಯಂ ಆಗಿರಲಿಲ್ಲ. 77ರಲ್ಲಿ ಮಾವ ವಾಪಸ್ ಬಂದರು, ಅವನು ಬರಲಿಲ್ಲ. ಅವನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಮಾವ ಅವನನ್ನು ಹುಡುಕಿಕೊಂಡು ಅವನ ಊರಿಗೂ ಹೋಗಿದ್ದರು. ಇವತ್ತಿಗೂ ಮೇ ತಿಂಗಳು ಬಂದರೆ ಅವರು ಮಾತು ಕಡಿಮೆ ಮಾಡುತ್ತಾರೆ.

ನಾಲ್ಕು ಪುಟದಲ್ಲಿ ನನಗೆ ಸಿಗದ ಮನುಷ್ಯ ಈ ನಾಲ್ಕು ಸಾಲಿನಲ್ಲಿ ಸಿಕ್ಕಿದರು. ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ತನ್ನ ಮಾತು ನಂಬಿ ಬಂದವನ ಭಾರವನ್ನು ಐವತ್ತು ವರ್ಷ ಹೊತ್ತುಕೊಂಡವರು ಇವರು. ಏಳು 'ನಿಸ್ವಾರ್ಥ'ಗಳಿಗಿಂತ ಇದು ದೊಡ್ಡದು. ಆದರೆ ಇದು ಅವರ ನೋವು, ಅವರ ಒಪ್ಪಿಗೆ ಇಲ್ಲದೆ ಮುಟ್ಟಬಾರದು. ಕೇಳಿ ನೋಡಿ. ಬೇಡ ಅಂದರೆ ಅಲ್ಲಿಗೇ ಬಿಡಿ, ನಾನೂ ಈ ಮಾತು ಮತ್ತೆ ಎತ್ತುವುದಿಲ್ಲ. ಸರಿ ಅಂದರೆ ಅವರು ಹೇಳಿದ ಹಾಗೇ ಬರೆಯಿರಿ, ಸಮಾಧಾನದ ಮಾತು ಸೇರಿಸಬೇಡಿ.

ಭಾಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಾವನ ಮಾತು ಮೂರು ಕಡೆ ಬಂದಿದೆ. ಮೂರೂ ಕಡೆ ಗ್ರಂಥದ ಕನ್ನಡ. ಅವರು ನಿಜಕ್ಕೂ ಹೇಗೆ ಮಾತಾಡುತ್ತಾರೋ ಹಾಗೇ ಬರಲಿ. ನಡುವೆ ಮರಾಠಿ ಪದ ಬಂದರೆ ಬರಲಿ, ನಮ್ಮ ಓದುಗರ ಮನೆಗಳಲ್ಲೂ ಹಾಗೇ ಮಾತಾಡುತ್ತಾರೆ. ಪತ್ರದಲ್ಲಿ ನೀವು ಬರೆದ ಕನ್ನಡ ಲೇಖನದ ಕನ್ನಡಕ್ಕಿಂತ ಎಷ್ಟೋ ಚೆನ್ನಾಗಿದೆ, ಅದರಲ್ಲೇ ಬರೆಯಿರಿ.

ಶಾಲು ಹೊದ್ದ ಫೋಟೊ ಕಳಿಸಿದ್ದೀರಿ. ಅದು ಬೇಡ. 1974ರಲ್ಲಿ ಬಂದ ವಜಾ ಪತ್ರ ಮನೆಯಲ್ಲಿ ಎಲ್ಲಾದರೂ ಇರಬಹುದು. ಅತ್ತೆಗೆ ಗೊತ್ತಿರುತ್ತದೆ. ಸಿಕ್ಕರೆ ಅದರ ಫೋಟೊ ತೆಗೆದು ಕಳಿಸಿ, ಲೇಖನದ ಮೊದಲ ಪುಟಕ್ಕೆ ಅದನ್ನೇ ಹಾಕುತ್ತೇನೆ. ಏಪ್ರಿಲ್ 10ರೊಳಗೆ ಬಂದರೆ ಮೇ ಸಂಚಿಕೆಗೆ ಆಗುತ್ತದೆ. ಆಗದಿದ್ದರೆ ಜೂನ್‌ಗೆ ಜಾಗ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ