ಪಾಲಿಮರ್ ಕೋಶಿಕೆಯ ಆಕಾರವನ್ನು ಉಪ್ಪು ಬದಲಿಸುವುದು ಹೇಗೆ?

ಪುಣೆಯ ಲ್ಯಾಬಿನಲ್ಲಿ ಪೆಗ್ (ನೀರನ್ನೊಪ್ಪುವ ಪಾಲಿಎಥಿಲೀನ್ ಗ್ಲೈಕಾಲ್)–ಪಾಲಿಸ್ಟೈರೀನ್ ಕೋಶಿಕೆಗಳನ್ನು, ಅಂದರೆ ಪಾಲಿಮರ್ ಪೊರೆಯೊಳಗೆ ನೀರು ತುಂಬಿದ ಅತಿಸಣ್ಣ ಗೋಲಗಳನ್ನು, ಉಪ್ಪುನೀರಿಗಿಟ್ಟರೆ ಒಮ್ಮೆ ಬಟ್ಟಲು, ಒಮ್ಮೆ ಬರೀ ಗೋಲ ಸಿಗುತ್ತಿದೆ, ಯಾಕೆ ಎಂದು ಕೇಳಿದ್ದೀರಿ.

ಉಪ್ಪು ಸವರಿದ ಮಾವಿನಹೋಳು ಮುದುಡುವ ಕಾರಣವೇ ಇಲ್ಲಿಯೂ: ಹೊರಗೆ ಉಪ್ಪು ಹೆಚ್ಚಾದಾಗ ಒಳಗಿನ ನೀರು ಹೊರಬರುತ್ತದೆ. ಪೊರೆಯ ವಿಸ್ತೀರ್ಣ ಅಷ್ಟೇ ಇರುತ್ತದೆ, ಒಳಗಿನ ಗಾತ್ರ ಕುಗ್ಗುತ್ತದೆ. ಗೋಲ ಒಳಕ್ಕೆ ಕುಸಿದು ಬಟ್ಟಲಾಗುತ್ತದೆ. ಪಾಲಿಸ್ಟೈರೀನ್ ಬದಲು ಪಾಲಿಲ್ಯಾಕ್ಟೈಡ್ ಪೊರೆಯಿದ್ದರೆ 50 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್‌ನಲ್ಲಿ ಉದ್ದನೆಯ ಕೊಳವೆಯೂ ಆಗಬಹುದು.

ಪೊರೆ ಬಾಗಬೇಕಾದರೆ ಅದರಲ್ಲಿ ಟಿಎಚ್‌ಎಫ್ (ಟೆಟ್ರಾಹೈಡ್ರೋಫ್ಯೂರಾನ್), ಡೈಆಕ್ಸೇನ್ ಎಂಬ ದ್ರಾವಕಗಳು ಉಳಿದಿರಬೇಕು. ಅವು ಹೋದರೆ ಪಾಲಿಸ್ಟೈರೀನ್ ಗಾಜಿನಂತೆ ಬಿಗಿಯುತ್ತದೆ, ಆಮೇಲೆ ಎಷ್ಟು ಉಪ್ಪು ಸುರಿದರೂ ವ್ಯರ್ಥ. ನಿಮ್ಮ ಗೋಲಗಳಿಗೆ ಬಹುಶಃ ಇದೇ ಕಾರಣ. ಪುಣೆಯ ಏಪ್ರಿಲ್ ಸೆಕೆಯಲ್ಲಿ ಮುಚ್ಚಳ ಸಡಿಲವಿದ್ದರೆ ಟಿಎಚ್‌ಎಫ್ ಬೇಗ ಹಾರಿಹೋಗುತ್ತದೆ.

ದ್ರಾವಕ ಇರುವಾಗಲೇ ಕೋಶಿಕೆಗಳನ್ನು ಡಯಾಲಿಸಿಸ್ ಚೀಲಕ್ಕೆ (ಸಣ್ಣ ಅಣುಗಳನ್ನು ಮಾತ್ರ ಹೊರಬಿಡುವ ಚೀಲ) ತುಂಬಿ, ಲೀಟರಿಗೆ 2.92 ಗ್ರಾಂ ಉಪ್ಪಿನ (50 ಮಿಲಿಮೋಲಾರ್) ದ್ರಾವಣದಲ್ಲಿಡಿ. ದ್ರಾವಕ ಪೂರ್ತಿ ಹೋದ ಮೇಲಷ್ಟೇ ಶುದ್ಧ ನೀರಿಗೆ ಬದಲಿಸಿ; ಮೊದಲೇ ಬದಲಿಸಿದರೆ ಕೋಶಿಕೆ ಮತ್ತೆ ಉಬ್ಬುತ್ತದೆ. ನೀರಿಗೆ ಬದಲಿಸದೆ ಗ್ರಿಡ್ (ಮಾದರಿ ಇಡುವ ಸಣ್ಣ ಜಾಲರಿ) ಒಣಗಿಸಿದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಉಪ್ಪಿನ ಹರಳುಗಳೇ ಕಾಣುತ್ತವೆ.

ಯಾವ ಉಪ್ಪು ಎನ್ನುವುದೂ ಮುಖ್ಯ. ಸಲ್ಫೇಟ್ ಪೆಗ್ ಸರಪಳಿಯ ನೀರನ್ನು ಕಸಿಯುತ್ತದೆ, ಥಯೋಸಯನೇಟ್ ಹಾಗೆ ಮಾಡುವುದಿಲ್ಲ. ಆಕಾರ ಬದಲಿಸಿದ್ದು ಆಸ್ಮಾಟಿಕ್ ಒತ್ತಡವೋ (ನೀರನ್ನು ಹೊರಕ್ಕೆಳೆಯುವ ಒತ್ತಡ) ಉಪ್ಪಿನ ಅಯಾನೋ (ವಿದ್ಯುದಾವೇಶದ ಕಣ) ಎಂದು ತಿಳಿಯಲು ಜೊತೆಗೊಂದು ಚೀಲವನ್ನು ಲೀಟರಿಗೆ 18 ಗ್ರಾಂ ಗ್ಲೂಕೋಸ್‌ನಲ್ಲಿಡಿ. ಅದರ ಆಸ್ಮಾಟಿಕ್ ಒತ್ತಡ ಆ ಉಪ್ಪುನೀರಿನದಕ್ಕೆ ಹೆಚ್ಚುಕಡಿಮೆ ಸಮ, ಆದರೆ ಅದರಲ್ಲಿ ಅಯಾನುಗಳಿಲ್ಲ. ಆಕಾರ ಬೇರೆ ಬಂದರೆ ಅಯಾನನ್ನು ಅನುಮಾನಿಸಿ.