ಸೈಕಲ್ ಪ್ರಶ್ನೋತ್ತರ: ಕೇಳದೇ ಇದ್ರೂ ಹೇಳ್ಬೇಕಾ?

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಳೇ ಸೈಕಲ್ ಮಾರೋದು-ಕೊಳ್ಳೋದರ ಬಗ್ಗೆನೇ ಇವೆ, ಹಾಗಾಗಿ ಇಡೀ ಪುಟ ಅದಕ್ಕೇ ಬಿಟ್ಟಿದೀನಿ. ಮಗನಿಗೆ ಹೊಸ ಸೈಕಲ್ ಯಾವ್ದು ಕೊಡಿಸಲಿ ಅಂತ ಬರೆದವ್ರು ಇನ್ನೊಂದು ಸಂಚಿಕೆ ತಾಳ್ಕೊಳ್ಳಿ.

ಪ್ರಶ್ನೆ: ಸಾರ್, ಅಪಾರ್ಟ್‌ಮೆಂಟ್‌ಗಳಲ್ಲಿ ಧೂಳು ಹಿಡಿದು ನಿಂತಿರೋ ಗೇರ್ ಸೈಕಲ್‌ಗಳನ್ನ ಕಮ್ಮಿ ರೇಟಿಗೆ ಎತ್ಕೊಂಡು ಬಂದು ಸರ್ವಿಸ್ ಮಾಡಿ ಮಾರ್ತೀನಿ. ಬರೋರು ಬೆಲ್ ಹೊಡೀತಾರೆ, ಬ್ರೇಕ್ ಹಿಡಿದು ನೋಡ್ತಾರೆ, 'ಎಷ್ಟು ಗೇರ್ ಇದೆ' ಅಂತಾರೆ, ಅಷ್ಟೇ. ಈಗ ಒಂದು ಸೈಕಲ್ ಸಿಕ್ಕಿದೆ, ಯಾವಾಗಲೋ ಮುಂದೆ ಗುದ್ದಿರೋದು, ಹ್ಯಾಂಡಲ್ ಹತ್ರ ಕೆಳಗಿನ ಪೈಪಲ್ಲಿ ಸಣ್ಣ ಸುಕ್ಕು ಇದೆ, ಪೇಂಟ್ ಹೊಡೆಸಿದ್ರೆ ಕಾಣಲ್ಲ. ಕೇಳಿದ್ರೆ ಹೇಳು, ಕೇಳದಿದ್ರೆ ಸುಮ್ನಿರು, ವ್ಯಾಪಾರ ಅಂದ್ರೆ ಇಷ್ಟೇ ಅಂತಾರೆ ಫ್ರೆಂಡ್ಸು. ಕೇಳದೇ ಇದ್ರೂ ಹೇಳ್ಬೇಕಾ?
– ಹೆಸರು ಬೇಡ, ತುಮಕೂರು

ಉತ್ತರ: ಆ ಸೈಕಲ್ಲನ್ನ ಮಾರಲೇಬೇಡಿ. ಇದನ್ನ ಮೊದ್ಲು ಹೇಳಿಬಿಡ್ತೀನಿ, ಬಾಕಿ ಮಾತು ಆಮೇಲೆ. ಹೆಡ್ ಟ್ಯೂಬಿನ (ಹ್ಯಾಂಡಲ್ ಕೂರೋ ಮುಂದಿನ ಗಿಡ್ಡ ಪೈಪು) ಹಿಂದೆ, ಕೆಳಗಿನ ಪೈಪಿನ ಅಡಿಭಾಗಕ್ಕೆ ಬೆರಳು ಸವರಿದಾಗ ಉಬ್ಬು ಸಿಗ್ತಾ ಇದೆ ಅಂದ್ರೆ ಆ ಗಾಡಿ ಗೋಡೆಗೋ ಕಾರಿಗೋ ನೇರವಾಗಿ ಗುದ್ದಿದೆ ಅಂತಾನೇ. ಮುಂದಿನ ಚಕ್ರ ಹಿಡಿಯೋ ಫೋರ್ಕೂ ಹಿಂದಕ್ಕೆ ಬಗ್ಗಿರಬಹುದು, ಸೈಕಲ್ ಪಕ್ಕದಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿ, ಹೆಡ್ ಟ್ಯೂಬಿನ ಗೆರೆಯಲ್ಲೇ ಫೋರ್ಕ್ ಇಳಿದಿದೆಯಾ ಇಲ್ವಾ ಅಂತ ಗೊತ್ತಾಗುತ್ತೆ. ಕಬ್ಬಿಣದ ಫ್ರೇಮ್ ಆದ್ರೆ ಹಾಗೇ ಇನ್ನೊಂದಷ್ಟು ದಿನ ಓಡಬಹುದು. ಅಲ್ಯೂಮಿನಿಯಂ ಆದ್ರೆ ಆ ಸುಕ್ಕಿಂದಲೇ ಬಿರುಕು ಬಿಟ್ಕೊಂಡು ಹೋಗಿ ಯಾವತ್ತೋ ಒಂದಿನ ಇಳಿಜಾರಲ್ಲಿ ಮುಂಭಾಗ ಕಳಚ್ಕೊಂಡು ಬರುತ್ತೆ, ಮೇಲೆ ಕೂತಿರೋನು ಎಂಟನೇ ಕ್ಲಾಸಿನ ಹುಡುಗ ಆಗಿರ್ತಾನೆ. ಚಕ್ರ, ಗೇರು, ಬ್ರೇಕು, ಸೀಟು ಎಲ್ಲಾ ಬಿಚ್ಕೊಂಡು ಪಾರ್ಟ್ಸ್ ಲೆಕ್ಕದಲ್ಲಿ ಮಾರಿ, ಫ್ರೇಮನ್ನ ಗರಗಸದಲ್ಲಿ ಎರಡು ತುಂಡು ಮಾಡಿ ಗುಜರಿಗೆ ಹಾಕಿ. ತುಂಡು ಮಾಡಿ ಅಂತ ಯಾಕೆ ಅಂದೆ ಅಂದ್ರೆ, ಇಡಿಯಾಗಿ ಹಾಕಿದ್ರೆ ಅದನ್ನ ಇನ್ಯಾರೋ ಎತ್ಕೊಂಡು ಹೋಗಿ, ನೀವು ಹೊಡೆಸಬೇಕು ಅಂತಿದ್ದ ಪೇಂಟನ್ನ ಅವ್ರು ಹೊಡೆಸ್ತಾರೆ.

ಇನ್ನು ನಿಮ್ಮ ಫ್ರೆಂಡ್ಸ್ ಮಾತು. ಅದು ಪೂರ್ತಿ ಸುಳ್ಳಲ್ಲ ಅನ್ನೋದೇ ತಮಾಷೆ. 1872ರ ಕಾಂಟ್ರ್ಯಾಕ್ಟ್ ಆಕ್ಟ್ ಇದೆಯಲ್ಲ, ಅದರ 17ನೇ ಸೆಕ್ಷನ್‌ನಲ್ಲಿ ಒಂದು ಕುದುರೆ ಕಥೆ ಇದೆ. ಒಬ್ಬ ಹರಾಜಲ್ಲಿ ಕುದುರೆ ಮಾರ್ತಾನೆ, ಅದಕ್ಕೆ ಏನೋ ಐಬು ಇದೆ ಅಂತ ಅವನಿಗೆ ಗೊತ್ತು, ಬಾಯಿ ಬಿಡಲ್ಲ. ಇದು ಮೋಸ ಅಲ್ಲ ಅನ್ನುತ್ತೆ ಕಾನೂನು. ಆದ್ರೆ ಕೊಳ್ಳೋಳು ಆಗಷ್ಟೇ ವಯಸ್ಸಿಗೆ ಬಂದ ಅವನದೇ ಮಗಳು ಆಗಿದ್ರೆ? ಅವಳು ಅಪ್ಪನ್ನ ನಂಬಿಕೊಂಡೇ ಕೊಳ್ತಾಳೆ, ಆಗ ಹೇಳಲೇಬೇಕು. ಕೊಳ್ಳೋನು 'ನೀನು ಇಲ್ಲ ಅನ್ನಲಿಲ್ಲ ಅಂದ್ರೆ ಕುದುರೆ ಚೆನ್ನಾಗಿದೆ ಅಂದ್ಕೋತೀನಿ' ಅಂದಾಗ ಇವನು ಸುಮ್ನಿದ್ರೆ ಆ ಸುಮ್ನಿರೋದೇ ಮಾತಿಗೆ ಸಮ. ನಿಮ್ಮ ಗಿರಾಕಿ 'ಗಾಡಿ ಚೆನ್ನಾಗಿದೆ ತಾನೇ ಅಣ್ಣಾ?' ಅಂತ ಕೇಳೇ ಕೇಳ್ತಾರೆ, ನೀವು ನಗ್ತಾ ಟೈರಿಗೆ ಗಾಳಿ ಹೊಡೀತಾ ನಿಂತ್ರೂ ಅದು ಉತ್ತರಾನೇ. ಗೊತ್ತಿರೋ ಐಬನ್ನ ಬೇಕು ಅಂತ ಮುಚ್ಚಿಡೋದನ್ನಂತೂ ಅದೇ ಸೆಕ್ಷನ್ ನೇರವಾಗಿ ಮೋಸ ಅಂತಾನೇ ಕರೆಯುತ್ತೆ. ಸುಕ್ಕಿನ ಮೇಲೆ ಪೇಂಟು, ಥ್ರೆಡ್ ಹೋದ ಕ್ರ್ಯಾಂಕಿಗೆ (ಪೆಡಲ್ ಸಿಕ್ಕಿಸೋ ತೋಳು) ಎಂ-ಸೀಲ್ ತುಂಬಿ ಪೆಡಲ್ ಕೂರಿಸೋದು, ಎಲ್ಲಾ ಇದರಲ್ಲೇ ಬಂತು.

ನನ್ನ ಲೆಕ್ಕ ಏನಂದ್ರೆ, ನೀವು ಎಷ್ಟಕ್ಕೆ ತಂದ್ರಿ, ಎಷ್ಟು ಲಾಭ ಇಟ್ಕೊಂಡ್ರಿ ಅಂತ ಯಾರಿಗೂ ಹೇಳ್ಬೇಕಿಲ್ಲ, ಅವ್ರು ಚೌಕಾಸಿ ಮಾಡದೇ ದುಡ್ಡು ಕೊಟ್ಟು ಹೋದ್ರೆ ಅದು ಅವ್ರ ಪಾಡು. ಗಾಡಿಯ ಸ್ಥಿತಿ ಮಾತ್ರ ಹಾಗಲ್ಲ, ಅದನ್ನ ಬಿಚ್ಚಿ ನೋಡಿರೋರು ನೀವೊಬ್ರೇ. ಚೈನನ್ನೇ ತಗೊಳ್ಳಿ. ಸಾದಾ ಸ್ಕೇಲ್ ಇಟ್ಟು ಪಿನ್ನಿಂದ ಪಿನ್ನಿಗೆ ಅಳೆದ್ರೆ ಹೊಸ ಚೈನು 12 ಇಂಚಿಗೆ ಸರಿಯಾಗಿ ಬರುತ್ತೆ. ಕೊನೇ ಪಿನ್ನು ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ರೆ ಚೈನ್ ಬದಲಾಯಿಸೋ ಟೈಮ್, ಎಂಟನೇ ಒಂದು ಭಾಗ ಹೋಗಿದ್ರೆ ಹಿಂದಿನ ಫ್ರೀವೀಲ್ (ಚೈನ್ ಕೂರೋ ಹಲ್ಲುಗಾಲಿ) ಹಲ್ಲೂ ತಿಂದುಹೋಗಿದೆ. ಬಹಳ ಜನ ಮಾರೋರು ಏನ್ ಮಾಡ್ತಾರೆ, ಫ್ರೀವೀಲ್ ಹಳೇದೇ ಬಿಟ್ಟು ಚೈನ್ ಮಾತ್ರ ಹೊಸದು ಹಾಕಿ ಮಿಂಚಿಸ್ತಾರೆ, ಮೊದಲ ಏರಲ್ಲಿ ಒತ್ತಿ ತುಳಿದ ತಕ್ಷಣ ಕಟಕ್ ಅಂತ ಸ್ಲಿಪ್ ಆಗುತ್ತೆ. 'ಚೈನ್ ಹೊಸದು, ಫ್ರೀವೀಲ್ ಸವೆದಿದೆ, ಅದಕ್ಕೇ ಈ ರೇಟು' ಅಂತ ಒಂದು ಮಾತು ಹೇಳಿ ಮಾರಿದ್ರೆ ನಿಮ್ಮ ಗಂಟೇನೂ ಹೋಗಲ್ಲ. ಸೈಜ್ ವಿಷಯ ಕೂಡ, ಸೀಟ್ ಪೂರ್ತಿ ಇಳಿಸಿದ್ರೂ ಕಾಲು ನೆಲಕ್ಕೆ ತಾಗದ ಹುಡುಗನಿಗೆ 'ಬೆಳೀತಾನೆ ಬಿಡಿ' ಅಂತ ದೊಡ್ಡ ಫ್ರೇಮ್ ಕಟ್ಟಬೇಡಿ.

ಪ್ರಶ್ನೆ: ಮಗನ ಗೇರ್ ಸೈಕಲ್ಲಿನ ಹಿಂದಿನ ಟೈರ್ ಹೋಗಿತ್ತು. ಹೊಸದು ಯಾಕೆ ಅಂತ ಹಳೇ ಪಾರ್ಟ್ಸ್ ಮಾರೋ ಅಂಗಡಿಗೆ ಸೈಕಲ್ಲನ್ನೇ ತಳ್ಕೊಂಡು ಹೋಗಿ ತೋರಿಸಿ 26 ಸೈಜ್ ಟೈರ್ ತಂದೆ. ಮನೇಲಿ ನಮ್ಮ ಯಜಮಾನ್ರು ಹಾಕಿ ಗಾಳಿ ಹೊಡೀತಿದ್ದ ಹಾಗೇ ಟೈರ್ ರಿಮ್ಮಿಂದ ಆಚೆ ಬಂದು ಟ್ಯೂಬ್ ಢಮ್ ಅಂತು. ಅಂಗಡಿಯವ್ರು '26 ಅಂದ್ರೆ 26 ಅಕ್ಕಾ, ನಿಮ್ಮೋರಿಗೆ ಹಾಕೋಕೆ ಬಂದಿಲ್ಲ, ಬಿಚ್ಚಿದ್ಮೇಲೆ ವಾಪಸ್ ಇಲ್ಲ' ಅಂತಾರೆ. ತಪ್ಪು ಯಾರದ್ದು?
– ಗೃಹಿಣಿ, ದಾವಣಗೆರೆ

ಉತ್ತರ: ನಿಮ್ಮ ಯಜಮಾನ್ರದ್ದಂತೂ ಅಲ್ಲ ಮೇಡಂ, ಅವ್ರನ್ನ ಬೈದಿದ್ರೆ ವಾಪಸ್ ತಗೊಳ್ಳಿ. 26 ಅಂದ್ರೆ 26 ಅಲ್ಲ, ಇದೇ ಈ ವ್ಯಾಪಾರದ ದೊಡ್ಡ ಗೊಂದಲ. ಟೈರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 47-559, 37-590 ಅಂತ ಏನೋ ಅಚ್ಚು ಇರುತ್ತೆ ನೋಡಿ, ಮೊದಲ ನಂಬರ್ ಟೈರಿನ ಅಗಲ, ಎರಡನೇದು ರಿಮ್ ಮೇಲೆ ಕೂರೋ ಜಾಗದ ವ್ಯಾಸ, ಎರಡೂ ಮಿಲಿಮೀಟರಲ್ಲಿ. ಗೇರ್ ಸೈಕಲ್ಲಿನ 26 × 1.75 ಅಂದ್ರೆ 559. ತೆಳು ಟೈರಿನ ಹಳೇ ಲೇಡೀಸ್ ಸೈಕಲ್ಲಿಗೆ ಬರೋ 26 × 1 3/8 ಅಂದ್ರೆ 590. ಎರಡರ ಮೇಲೂ 26 ಅಂತಾನೇ ಬರೆದಿರುತ್ತೆ, ಆದ್ರೆ ವ್ಯತ್ಯಾಸ 31 ಮಿಲಿಮೀಟರ್, ಒಂದಿಂಚಿಗಿಂತ ಜಾಸ್ತಿ. ನಿಮಗೆ ಕೊಟ್ಟಿರೋದು ಎರಡನೇದೇ ಇರ್ಬೇಕು, ಲೂಸಾಗಿ ಸಲೀಸಾಗಿ ಕೂತ್ಕೊಂಡಿರುತ್ತೆ, ಗಾಳಿ ತುಂಬಿದ್ಮೇಲೆ ಅದನ್ನ ಹಿಡ್ಕೊಳ್ಳೋರು ಯಾರೂ ಇಲ್ಲ. ಹಾಲಿನವ್ರ ದೊಡ್ಡ ಸೈಕಲ್ಲಿನ 28 × 1 1/2 ಮತ್ತೆ ಬೇರೆ, ಅದು 635. ಸೈಜ್ ಹೇಳೋವಾಗ ಇಂಚು ಬಿಟ್ಟು ಈ ಮೂರಂಕಿ ನಂಬರ್ ಹೇಳಿ, ಹಳೇ ಟೈರ್ ಮೇಲೂ ಅದು ಇರುತ್ತೆ.

ಅಂಗಡಿಯವ್ರು ಬೇಕಂತಲೇ ಮಾಡಿದ್ರು ಅಂತ ನನಗೆ ಅನ್ಸಲ್ಲ, ಎಷ್ಟೋ ಪಾರ್ಟ್ಸ್ ಅಂಗಡೀಲಿ ಈ ನಂಬರ್ ಓದೋರೇ ಇಲ್ಲ. ಆದ್ರೂ ಹೊಣೆ ಅವ್ರದ್ದೇ, ಯಾಕಂದ್ರೆ ನೀವು ಸೈಕಲ್ ತೋರಿಸಿ ಇದಕ್ಕೆ ಆಗೋದು ಕೊಡಿ ಅಂದಿದೀರ. ಯಾವ ಕೆಲಸಕ್ಕೆ ಅಂತ ಹೇಳಿ, ಅಂಗಡಿಯವನ ತಿಳುವಳಿಕೆ ನಂಬಿ ತಗೊಂಡಾಗ ಮಾಲು ಆ ಕೆಲಸಕ್ಕೆ ಆಗ್ಬೇಕು ಅಂತ 1930ರ ಸೇಲ್ ಆಫ್ ಗೂಡ್ಸ್ ಆಕ್ಟ್ 16ನೇ ಸೆಕ್ಷನ್ ಹೇಳುತ್ತೆ. ಟೈರ್ ತಗೊಂಡು ಹೋಗಿ ಎರಡೂ ನಂಬರ್ ಪಕ್ಕಪಕ್ಕ ತೋರಿಸಿ, ಬಹುಶಃ ಅಲ್ಲೇ ಮುಗಿಯುತ್ತೆ, ಮುಗೀಲಿಲ್ಲ ಅಂದ್ರೆ 1915ಕ್ಕೆ ಫೋನ್ ಮಾಡಿ, ಗ್ರಾಹಕರ ಸಹಾಯವಾಣಿ. ಒಡೆದ ಟ್ಯೂಬಿನ ದುಡ್ಡನ್ನೂ ಕೇಳಿ.

ಪ್ರಶ್ನೆ: ಲಾಕ್‌ಡೌನ್‌ನಲ್ಲಿ 42,000 ಕೊಟ್ಟು ತಗೊಂಡ ಸೈಕಲ್ ಬಾಲ್ಕನೀಲೇ ನಿಂತಿದೆ, ಓಡಿಸಿದ್ದು ಬಹಳ ಕಮ್ಮಿ. ಫುಲ್ ಶಿಮಾನೋ. ಜನ 12,000ಕ್ಕೆ ಕೇಳ್ತಾರೆ, ಅವ್ರಿಗೆ ವ್ಯಾಲ್ಯೂ ಗೊತ್ತಿಲ್ಲ. 'ಹೊಸದರ ಹಾಗಿದೆ' ಅಂತ ಹಾಕಿ 35,000 ಹೇಳಬಹುದಾ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ರೇಟು ನಿಮ್ಮಿಷ್ಟ, ಲಕ್ಷ ಬೇಕಾದ್ರೂ ಹೇಳಿ. 'ಹೊಸದರ ಹಾಗಿದೆ' ಮಾತ್ರ ಬೇಡ. ಬಿಸಿಲಲ್ಲಿ ನಿಂತ ಟೈರಿನ ಪಕ್ಕ ಚಿವುಟಿ ನೋಡಿ, ಸಣ್ಣ ಸಣ್ಣ ಬಿರುಕು ಬಿಟ್ಟಿರುತ್ತೆ. ಆಮೇಲೆ ಶಿಮಾನೋ ಅಂದ್ರೆ ಏನು? 1921ರಿಂದ ಇರೋ ಜಪಾನ್ ಕಂಪನಿ, ಸೈಕಲ್ ಗೇರು ಮಾತ್ರ ಅಲ್ಲ, ಮೀನು ಹಿಡಿಯೋ ರೀಲನ್ನೂ ಮಾಡುತ್ತೆ. ಅದರ ಗೇರುಗಳಲ್ಲಿ ಟೂರ್ನಿ ಅಂದ್ರೆ ತಳದ ಮೆಟ್ಟಿಲು, ಮೇಲಕ್ಕೆ ಆಲ್ಟಸ್, ಅಸೆರಾ, ಅಲಿವಿಯೋ, ಡಿಯೋರ್ ಹೀಗೆ ಹೋಗುತ್ತೆ. ಹಿಂದಿನ ಡಿರೇಲರ್ (ಗೇರ್ ಬದಲಿಸುವಾಗ ಚೈನ್ ಸರಿಸೋ ಭಾಗ) ಮೇಲೆ ಏನ್ ಬರೆದಿದೆಯೋ ಅದರ ಹೆಸರು ಹಾಕಿ, ಹತ್ತಿರದಿಂದ ಫೋಟೋ ಹಾಕಿ. ಗೊತ್ತಿರೋರು ಬರ್ತಾರೆ, ಆಗ 12,000 ಕಮ್ಮಿಯೋ ಜಾಸ್ತಿಯೋ ಅಂತ ಅವ್ರೇ ಹೇಳ್ತಾರೆ.

ಪ್ರಶ್ನೆ: ಸರ್, ನಮ್ಮ ಓಣ್ಯಾಗ ಒಬ್ರು ಅಜ್ಜಿ ಅದಾರ್ರಿ. ಅವರ ಯಜಮಾನ್ರು ಮಾಸ್ತರ ಇದ್ರು, ಅವರ ಹಳೇ ರ‍್ಯಾಲೇ ಸೈಕಲ್ ಹಿತ್ತಲದಾಗ ನಿಂತೈತಿ. ಹಿಂದಿನ ಗಾಲಿಗೆ ಸ್ಟರ್ಮಿ ಆರ್ಚರ್ ಗೇರ್ ಹಬ್ (ಗಾಲಿ ನಡುವಿನ ಭಾಗ, ಗೇರ್ ಅದರೊಳಗ ಇರತಾವ), ಸೀಟು ಬ್ರೂಕ್ಸ್ ಚರ್ಮದ್ದು. 'ತಮ್ಮಾ, ಗುಜರಿಯಾಂವ ಐನೂರು ಕೊಡ್ತೇನಂತಾನ, ನೀ ತಗೋತಿಯೇನ? ಎಷ್ಟ ಕೊಡಬೇಕು ನೀನ ಹೇಳಪಾ' ಅಂದ್ರು. ನನಗ ಅದರ ಬೆಲಿ ಗೊತ್ತೈತಿ. ಐನೂರಕ್ಕ ತಗೊಂಡ್ರ ತಪ್ಪೇನ್ರಿ?
– ಸೈಕಲ್ ಪ್ರೇಮಿ, ಧಾರವಾಡ

ಉತ್ತರ: ಹೌದ್ರಿ, ತಪ್ಪು. ಗುಜರಿ ಅಂಗಡೀಲಿ ಅದೇ ಸೈಕಲ್ ನಿಂತಿದ್ದು, ಐನೂರು ಅಂತ ಅವನೇ ಹೇಳಿದ್ದಿದ್ರೆ ನಾನು ಮಾತೇ ಆಡ್ತಿರಲಿಲ್ಲ, ದುಡ್ಡು ಕೊಟ್ಟು ಎತ್ಕೊಂಡು ಬನ್ನಿ ಅಂತಿದ್ದೆ, ಸಾಮಾನಿನ ಬೆಲೆ ತಿಳ್ಕೊಳ್ಳೋದು ಅವನ ಕಸುಬು. ಅಜ್ಜಿ ಹಾಗಲ್ಲ, 'ನೀನ ಹೇಳಪಾ' ಅಂದಿದಾರೆ. ಮೇಲೆ ಕುದುರೆ ಕಥೇಲಿ ಒಬ್ಬಳು ಮಗಳು ಬಂದಳಲ್ಲ, ಆ ಜಾಗದಲ್ಲಿ ಈಗ ಈ ಅಜ್ಜಿ ನಿಂತಿದಾರೆ. ಕಾನೂನು ಇಷ್ಟು ದೂರ ಬರುತ್ತೋ ಬಿಡುತ್ತೋ, ಓಣೀಲಿ ನಾಳೆ ಅವ್ರ ಮುಖ ನೋಡೋರು ನೀವು.

ಮೊದ್ಲು ಅದೇನು ಅಂತ ಸರಿಯಾಗಿ ನೋಡಿ. ಹಬ್ ಮೇಲಿನ ಧೂಳು ಸೀಮೆಎಣ್ಣೆ ಬಟ್ಟೇಲಿ ಒರೆಸಿ, ಎ-ಡಬ್ಲ್ಯೂ ಅನ್ನೋ ಇಂಗ್ಲಿಷ್ ಅಕ್ಷರ ಇದ್ರೆ ಅದು ಮೂರು ಗೇರಿನ ಹಬ್, ಸಾಮಾನ್ಯವಾಗಿ ಪಕ್ಕದಲ್ಲೇ ತಯಾರಾದ ವರ್ಷ, ತಿಂಗಳು ಅಚ್ಚಾಗಿರುತ್ತೆ, 58 3 ಅಂದ್ರೆ 1958ರ ಮಾರ್ಚ್. ಮುಂದಿನ ಬ್ಯಾಡ್ಜಲ್ಲಿ ನಾಟಿಂಗ್‌ಹ್ಯಾಮ್ ಇಂಗ್ಲೆಂಡ್ ಅಂತ ಇದೆಯಾ, ಇಲ್ಲ ಅಸನ್ಸೋಲ್‌ನಲ್ಲಿ ತಯಾರಾದ ಸೇನ್-ರ‍್ಯಾಲೇನಾ ನೋಡಿ, ಎರಡನೇದನ್ನ ಇಂಗ್ಲೆಂಡಿನದು ಅಂತ ಮಾರೋರು ಬೇಕಾದಷ್ಟು ಜನ ಇದಾರೆ. ಮೂಲ ಚೈನ್‌ವೀಲ್ (ಪೆಡಲ್ ಹತ್ರದ ಹಲ್ಲುಗಾಲಿ) ಆದ್ರೆ ಒಳಗೆ ಕೊಕ್ಕರೆ ತಲೆಯ ಆಕಾರ ಕೊರೆದಿರೋದು ಸಿಗಬಹುದು. ಸೀಟಿನ ಚರ್ಮ ರಿವೆಟ್ ಹತ್ರ ಹರಿದಿದ್ರೆ ಬೆಲೆ ಬಿತ್ತು. ಹರಿದಿಲ್ಲ ಅಂದ್ರೆ, ಹೊಸ ಬ್ರೂಕ್ಸ್ ಸೀಟಿನ ದುಡ್ಡಲ್ಲಿ ಒಂದು ಸಾದಾ ಹೊಸ ಸೈಕಲ್ಲೇ ಬರುತ್ತೆ ಅನ್ನೋದು ನಿಮಗೂ ಗೊತ್ತಲ್ಲ. ಇದೆಲ್ಲಾ ಅಜ್ಜಿಗೆ ಅವ್ರ ಮಗನೋ ಮೊಮ್ಮಗನೋ ಎದುರಿಗಿದ್ದಾಗ ಹೇಳಿ, ರಿಪೇರಿ ಖರ್ಚು ಎಷ್ಟಾಗುತ್ತೆ ಅಂತಾನೂ ಹೇಳಿ, ಅದನ್ನ ಕಳೆದು ನಿಮಗೆ ಎಷ್ಟು ಕೊಡೋಕೆ ಆಗುತ್ತೋ ಅಷ್ಟು ಹೇಳಿ. ಪೇಟೆ ಬೆಲೆಗಿಂತ ಕಮ್ಮಿಗೆ ಸಿಕ್ರೂ ಸಿಗಬಹುದು. ಮಾಸ್ತರ ಸೈಕಲ್ ತುಂಡು ತುಂಡಾಗಿ ಹೋಗೋದಕ್ಕಿಂತ ಓಣ್ಯಾಗ ಓಡ್ಲಿ ಅಂತ ಅಜ್ಜಿಗೂ ಇರುತ್ತೆ.

ಪ್ರಶ್ನೆ: ನಮ್ದು ಸಣ್ಣ ರಿಪೇರಿ ಅಂಗಡಿ. ಹುಡುಗನೊಬ್ಬ ಒಳ್ಳೇ ಸೈಕಲ್ ತಂದು 4,000 ಕೊಡಿ ಸಾಕು ಅಂತಾನೆ, ಬಿಲ್ ಇಲ್ಲ. ಇಡೀ ಗಾಡಿ ಬೇಡ, ಪಾರ್ಟ್ಸ್ ಮಾತ್ರ ತಗೊಂಡ್ರೆ ತೊಂದ್ರೆ ಇಲ್ಲ ಅಲ್ವಾ?
– ಮೆಕ್ಯಾನಿಕ್, ಹಾಸನ

ಉತ್ತರ: ಇದೆ. ಕದ್ದಿದ್ದು ಅಂತ ಗೊತ್ತಿದ್ದೋ, ಹಾಗೆ ಅನ್ಸೋಕೆ ಕಾರಣ ಇದ್ದೋ ತಗೊಂಡ್ರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ನಲ್ಲಿ ಮೂರು ವರ್ಷದ ತನಕ ಜೈಲಿದೆ, ಚಕ್ರ ಒಂದೇ ತಗೊಂಡೆ ಅಂದ್ರೆ ಬಿಡಲ್ಲ. ದುಡ್ಡು ಕೊಟ್ಟಿದ್ರೂ ಮಾಲು ನಿಮ್ಮದಾಗಲ್ಲ, ಮೂಲ ಮಾಲೀಕ ಬಂದ್ರೆ ವಾಪಸ್ ಕೊಡ್ಬೇಕು. ಸೈಕಲ್ ತಲೆಕೆಳಗೆ ನಿಲ್ಲಿಸಿ ಪೆಡಲ್ ಆಕ್ಸಲ್ ಇರೋ ಜಾಗದ ಅಡಿ ನೋಡಿ, ಸಾಮಾನ್ಯವಾಗಿ ಫ್ರೇಮ್ ನಂಬರ್ ಅಲ್ಲೇ ಇರುತ್ತೆ. ಆ ನಂಬರನ್ನ ಅರ ಹಾಕಿ ಉಜ್ಜಿ ಅಳಿಸಿದ್ರೆ ಗಾಡಿ ಮುಟ್ಟಬೇಡಿ. ನಂಬರ್ ಇದ್ದು, ಹುಡುಗ ಅಪ್ಪನ ಫೋನ್ ನಂಬರ್ ಕೊಟ್ಟು, ಅಪ್ಪ ಹೌದು ನಮ್ದೇ ಅಂದ್ರೆ ಒಂದು ಚೀಟೀಲಿ ತಾರೀಖು, ಹೆಸರು, ಫ್ರೇಮ್ ನಂಬರ್, ಕೊಟ್ಟ ದುಡ್ಡು ಬರೆದು ಸಹಿ ಹಾಕಿಸ್ಕೊಳ್ಳಿ, ಆಧಾರ್ ಜೆರಾಕ್ಸ್ ಇಟ್ಕೊಳ್ಳಿ. ಮುಂದೆ ನೀವು ಮಾರೋವಾಗಲೂ ಫ್ರೇಮ್ ನಂಬರ್ ಬರೆದೇ ರಸೀದಿ ಕೊಡಿ.